‘ಯಾವ ಫೈನಾನ್ಸಿನವರು ನೀವು?’ ಗಲ್ಲಿಯಲ್ಲಿ ನಿಂತು ನಕ್ಷೆ ಮಾಡುವವರು ಜನರಿಗೆ ಏನು ಹೇಳ್ತೀರಿ?

ಕಾಳಿತಟ (ಕಾರವಾರ)

ಇಷ್ಟು ದಿನ ಇಲ್ಲಿ ಬರೀ ಓದ್ತಿದ್ದೆ. ಮೊನ್ನೆ ಭಾನುವಾರ ಆದದ್ದು ಇನ್ನೂ ತಲೆಯಿಂದ ಹೋಗಿಲ್ಲ, ಅದಕ್ಕೇ ಕೇಳ್ತಿದ್ದೇನೆ.

ಅಣ್ಣನ ಮೆಡಿಕಲ್ ಶಾಪಿನಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಮನೆಮನೆಗೆ ಔಷಧ ಮುಟ್ಟಿಸೋ ಹುಡುಗ ದಿನಕ್ಕೆ ಹತ್ತು ಸಲ ಫೋನ್ ಮಾಡ್ತಾನೆ. ‘ಅಕ್ಕಾ, ಹಲಸಿನ ಮರದ ಹತ್ರ ಬಲಕ್ಕೆ ಅಂತ ಬರೆದಿದ್ದೀರಿ, ಮರ ಎಲ್ಲಿದೆ?’ ಮರ ಇಲ್ಲ. ರಸ್ತೆ ಅಗಲ ಮಾಡುವಾಗ ಕಡಿದು ಎಷ್ಟೋ ವರ್ಷ ಆಯ್ತು. ಆದರೂ ಆ ಕಡೆಯ ಅರ್ಧ ಜನರ ವಿಳಾಸ ಇವತ್ತಿಗೂ ಆ ಮರದಿಂದಲೇ ಶುರು.

ನಕ್ಷೆಯ ಹುಚ್ಚು ಹತ್ತಿದ್ದು 2024ರ ಆಗಸ್ಟ್ 7ಕ್ಕೆ. ಹಿಂದಿನ ರಾತ್ರಿ ಮಲಗುವಾಗ ಇದ್ದ ಕಾಳಿ ನದಿಯ ಹಳೇ ಸೇತುವೆ ಬೆಳಿಗ್ಗೆ ಏಳುವಾಗ ನೀರಲ್ಲಿ ಬಿದ್ದಿತ್ತು. ಕೋಡಿಬಾಗದ ತುದಿಗೆ ಹೋಗಿ ಎಲ್ಲರ ಜೊತೆ ನಾನೂ ನಿಂತು ನೋಡಿದೆ. ಫೋನ್ ತೆಗೆದರೆ, ನನ್ನ ಆಫ್‌ಲೈನ್ ನಕ್ಷೆಯಲ್ಲಿ ಎರಡೂ ಸೇತುವೆ ಏನೂ ಆಗದ ಹಾಗೆ ಅಕ್ಕಪಕ್ಕ ಇದ್ದವು. ಇದನ್ನು ತಿದ್ದುವವರು ಯಾರು ಅಂತ ಹುಡುಕುತ್ತಾ ಹೋದಾಗ ಓಪನ್‌ಸ್ಟ್ರೀಟ್‌ಮ್ಯಾಪ್ ಸಿಕ್ಕಿತು. 2004ರಿಂದ ಇದೆಯಂತೆ, ಯಾರು ಬೇಕಾದರೂ ತಿದ್ದಬಹುದಂತೆ. ನಾನು ಖಾತೆ ಮಾಡಿ ಒಳಗೆ ಹೋಗುವಷ್ಟರಲ್ಲಿ ಯಾರೋ ಸೇತುವೆ ತಿದ್ದಿಯೂ ಆಗಿತ್ತು. ಸ್ವಲ್ಪ ಬೇಜಾರಾಯ್ತು, ಸುಳ್ಳು ಯಾಕೆ ಹೇಳಲಿ.

ಈಗ ಭಾನುವಾರದ ಕತೆ. ಬೆಳಿಗ್ಗೆ ಏಳೂವರೆ, ಸುಂಕೇರಿ ಕಡೆಯ ಒಂದು ಗಲ್ಲಿ. ಕೈಯಲ್ಲಿ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್. ಗೊತ್ತಿಲ್ಲದವರಿಗೆ ಹೇಳ್ತೇನೆ, ಅದು ಪ್ರಶ್ನೆ ಕೇಳ್ತದೆ: ಈ ರಸ್ತೆ ಡಾಂಬರೋ ಕಾಂಕ್ರೀಟೋ, ಬೀದಿದೀಪ ಉಂಟೋ ಇಲ್ವೋ, ಈ ಅಂಗಡಿ ಎಷ್ಟು ಗಂಟೆಗೆ ತೆರೀತದೆ. ನಾವು ಅಲ್ಲೇ ನಿಂತು, ಕಣ್ಣಾರೆ ನೋಡಿ, ಉತ್ತರ ಒತ್ತಬೇಕು, ಅದು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರ್ತದೆ. ಆ ಗಲ್ಲಿ ಅರ್ಧ ಕಾಂಕ್ರೀಟು, ಅರ್ಧ ಪೇವರ್ಸ್. ಕಾಂಕ್ರೀಟು ಎಲ್ಲಿ ಮುಗೀತದೆ ಅಂತ ನೋಡ್ಲಿಕ್ಕೆ ಹಿಂದೆ ಮುಂದೆ ಮೂರು ಸಲ ನಡೆದೆ. ಒಂದು ಸಲ ಬಗ್ಗಿಯೂ ನೋಡಿದೆ.

ತುಳಸಿಕಟ್ಟೆ ಹತ್ರ ಹಲ್ಲುಜ್ಜುತ್ತಾ ನಿಂತಿದ್ದವರೊಬ್ಬರು ಬ್ರಷ್ ಬಾಯಲ್ಲಿ ಇಟ್ಟುಕೊಂಡೇ, ‘ಯಾರು ಬೇಕಾಗಿತ್ತು?’ ಅಂದರು.

‘ಯಾರೂ ಬೇಡ’ ಅಂದೆ. ಅದು ಮೊದಲ ತಪ್ಪು.

ಅವರು ಬಾಯಿ ಮುಕ್ಕಳಿಸಿ ಲುಂಗಿ ಮೇಲೆ ಕಟ್ಟಿ ಗೇಟಿಗೆ ಬಂದರು. ‘ಮತ್ತೆ ಎಂತಕ್ಕೆ ತಿರುಗ್ತಿದ್ದೀರಿ?’ ನಾನು ‘ಸರ್ವೆ ಮಾಡ್ತಿದ್ದೇನೆ’ ಅಂದೆ. ಅದು ಎರಡನೇ ತಪ್ಪು. ‘ಯಾವ ಫೈನಾನ್ಸಿನವರು ನೀವು?’ ಅಂತ ದನಿ ಏರಿತು. ಆ ಗಲ್ಲಿಯಲ್ಲಿ ಯಾರದೋ ಮನೆಗೆ ಸಾಲದ ಕಂತು ಕೇಳುವವರು ಬಂದು ಹೊಸಿಲಲ್ಲೇ ಕೂತಿದ್ದರಂತೆ, ಅದು ಆಮೇಲೆ ತಿಳಿಯಿತು. ಮೂರನೇ ತಪ್ಪು, ಮುಚ್ಚುಮರೆ ಏನೂ ಇಲ್ಲ ಅಂತ ತೋರಿಸಲು ಫೋನ್ ಅವರ ಮುಂದೆ ಹಿಡಿದದ್ದು. ಪರದೆ ತುಂಬ ಬಣ್ಣಬಣ್ಣದ ಗುರುತು, ಅದರಲ್ಲಿ ಒಂದು ಸರಿಯಾಗಿ ಅವರ ಮನೆಯ ಮೇಲೆಯೇ! ಆ್ಯಪ್ ಕೇಳ್ತಿದ್ದದ್ದು ಈ ಕಟ್ಟಡಕ್ಕೆ ಎಷ್ಟು ಮಾಳಿಗೆ ಅಂತ ಅಷ್ಟೇ. ಆದರೆ ಅವರ ಜಾಗದಲ್ಲಿ ನಾನಿದ್ದರೂ ಹೆದರ್ತಿದ್ದೆ. ‘ನಮ್ಮ ಮನೆಗೆ ಯಾಕೆ ಗುರುತು ಹಾಕಿದ್ದೀರಿ?’ ಅಂತ ಅವರು ಕೂಗಿದಾಗ ಆಚೀಚೆ ಮನೆಯವರೆಲ್ಲ ಹೊರಗೆ ಬಂದರು. ಗ್ಯಾಲರಿ ತೆಗೆಸಿ ನೋಡಿದರು. ಅದರಲ್ಲಿದ್ದದ್ದು ಅಕ್ಕನ ಮಗುವಿನ ಫೋಟೋ ಮತ್ತು ಔಷಧದ ಬಿಲ್ಲುಗಳು.

ನನ್ನನ್ನು ಉಳಿಸಿದ್ದು ಮೀನಿನ ಬುಟ್ಟಿ ಇಳಿಸಿ ಕೂತಿದ್ದ ಒಬ್ಬ ಅಜ್ಜಿ. ‘ಖಂಯ್ಚೆಂ ಗೋ ತೂಂ?’ ಅಂದಳು, ಎಲ್ಲಿಯವಳೇ ನೀನು ಅಂತ ಕೊಂಕಣಿಯಲ್ಲಿ. ಊರು, ಆಯಿಯ ಹೆಸರು ಹೇಳಿದೆ. ‘ಇವಳ ಅಜ್ಜಿಗೆ ನಾನೇ ಮೀನು ಕೊಡ್ತಿದ್ದೆ’ ಅಂದಳು. ಅಲ್ಲಿಗೆ ಮುಗೀತು. ಒಬ್ಬರು ಚಾ ಬೇಕಾ ಅಂತಲೂ ಕೇಳಿದರು. ನಾನು ಬೇಡ ಅಂದು ಮನೆಗೆ ಬಂದು ಬಾಗಿಲು ಹಾಕಿ ಅತ್ತೆ. ಹುಟ್ಟಿದ ಊರಲ್ಲೇ ಕಳ್ಳಿ ಆದ ಹಾಗೆ.

ನೀವೆಲ್ಲ ಏನು ಮಾಡ್ತೀರಿ? ಕೊರಳಿಗೆ ಐಡಿ ಕಾರ್ಡು? ಜೊತೆಗೆ ಯಾರನ್ನಾದರೂ ಕರ್ಕೊಂಡು ಹೋಗ್ತೀರಾ? ಮತ್ತೆ, ಇಲ್ಲಿ ನೌಕಾನೆಲೆ ಇರೋದರಿಂದ ಇದು ಕಾನೂನು ಪ್ರಕಾರ ಸರಿಯಾ ಅನ್ನೋದೂ ಈಗ ತಲೆಗೆ ಹೊಕ್ಕಿದೆ.


ತೋಟದದಾರಿ (ಶಿರಸಿ)

ತಂಗೀ, ಮೊದಲು ಆ್ಯಪಿನ ಸೆಟ್ಟಿಂಗಿಗೆ ಹೋಗಿ ಮನೆಗೆ ಸಂಬಂಧಪಟ್ಟ ಪ್ರಶ್ನೆಗಳನ್ನೆಲ್ಲ ಬಂದ್ ಮಾಡು: ಮಾಳಿಗೆ, ಕಟ್ಟಡದ ಬಗೆ, ಮನೆ ನಂಬರು. ಒಂದೊಂದು ಪ್ರಶ್ನೆಯನ್ನೂ ಬೇರೆ ಬೇರೆ ಬಂದ್ ಮಾಡಲು ಬರ್ತದೆ. ಆಗ ಗುರುತು ರಸ್ತೆ ಮೇಲೆ, ಅಂಗಡಿ ಮೇಲೆ ಮಾತ್ರ ಇರ್ತದೆ. ಯಾರಿಗೆ ತೋರಿಸಿದರೂ ತೊಂದರೆ ಇಲ್ಲ.

ಎರಡನೇದು, ‘ಸರ್ವೆ’ ಅನ್ನೋ ಶಬ್ದ ಬಾಯಿಂದ ಬರಕೂಡದು. ನಿಮ್ಮ ಕಡೆ ಅದಕ್ಕೆ ಫೈನಾನ್ಸು ಅಂತ ಅರ್ಥ ಆದರೆ ನಮ್ಮ ಘಟ್ಟದ ಮೇಲೆ ಅತಿಕ್ರಮಣ ಅಂತ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತಲ್ಲ, ಅದರ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದರು ಅಂತ ತೋರಿಸಬೇಕು. ಅಜ್ಜ ಮಾಡಿದ ಗದ್ದೆಗೆ ಕಾಗದ ಎಲ್ಲಿಂದ ತರೋದು? ಅರ್ಜಿ ಹಾಕಿದವರು, ಅರ್ಜಿ ತಿರಸ್ಕಾರ ಆದವರು, ಜಿಪಿಎಸ್ ಹಿಡಿದು ಬಂದವರಿಗೆ ಗಡಿ ತೋರಿಸಿ ಸಾಕಾದವರು ಪ್ರತಿ ಕೇರಿಯಲ್ಲೂ ಇದ್ದಾರೆ. ಫೋನ್ ನೋಡ್ತಾ ಬೇಲಿ ಬದಿಯಲ್ಲಿ ನಡೆಯುವ ಹೊಸ ಮುಖ ಕಂಡರೆ ಅವರಿಗೆ ಎದೆ ಧಸಕ್ ಅನ್ನದೆ ಇರ್ತದಾ?

ಸಿದ್ದಾಪುರದ ಕಡೆ ಒಮ್ಮೆ ಹಾಳೆಟೋಪಿ ಹಾಕಿದ ಅಜ್ಜನೊಬ್ಬ ಕೈಯಲ್ಲಿ ಕತ್ತಿ ಹಿಡಿದು ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಒಂದು ಕಿಲೋಮೀಟರು ಬಂದ. ಮಾತಿಲ್ಲ ಕತೆಯಿಲ್ಲ. ಸೊಪ್ಪು ಕಡೀಲಿಕ್ಕೆ ಹೊರಟವನೇ ಇರಬೇಕು, ಆದರೆ ನನ್ನ ಬೆನ್ನು ಬೆವತುಹೋಯ್ತು. ಕೊನೆಗೆ ನಾನೇ ತಿರುಗಿ, ‘ಅಜ್ಜಾ, ಮುಂದೆ ಹಳ್ಳಕ್ಕೆ ಕಾಲುಸಂಕ ಇದ್ದಾ?’ ಅಂದೆ. ಅಷ್ಟು ಹೊತ್ತು ಗೋಡೆಯಂತಿದ್ದ ಮುಖ ಕರಗಿಹೋಯ್ತು. ಸಂಕ ಹೋದ ಮಳೆಗಾಲದಲ್ಲಿ ಕೊಚ್ಚಿಹೋದದ್ದು, ಅಡಕೆ ಮರದ ದಬ್ಬೆ ಕಟ್ಟಿಕೊಂಡು ಮಕ್ಕಳು ಶಾಲೆಗೆ ದಾಟೋದು, ಅರ್ಜಿ ಕೊಟ್ಟದ್ದು, ಯಾರೂ ಬಾರದ್ದು, ಎಲ್ಲ ಹೇಳಿದ. ಮನೆಗೆ ಕರೆದು ‘ಆಸ್ರಿಗೆ ಎಂತ ಬೇಕು?’ ಅಂದ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದು ಎದ್ದಾಗ ನನ್ನ ಹತ್ತಿರ ನಾಲ್ಕು ಸಂಕದ ಜಾಗ ಇತ್ತು, ಎರಡು ಹಳ್ಳದ ಹೆಸರಿತ್ತು.

ಆವತ್ತಿನಿಂದ ನನ್ನದು ಒಂದೇ ಪದ್ಧತಿ. ಊರಿಗೆ ಹೊಕ್ಕ ಕೂಡಲೇ ಮೊದಲ ಮನೆಯ ಹತ್ತಿರ ನಿಂತು ನಾನೇ ಕೇಳ್ತೇನೆ, ಈ ದಾರಿ ಎಲ್ಲಿಗೆ ಹೋಗ್ತು ಅಂತ. ಗೊತ್ತಿದ್ದರೂ ಕೇಳ್ತೇನೆ. ದಾರಿ ಹಾಕ್ತೇನೆ, ಸಂಕ ಹಾಕ್ತೇನೆ. ಹುಲ್ಲಿನ ಬೇಣ, ಸೊಪ್ಪಿನ ಬೆಟ್ಟ, ತೋಟದ ಗಡಿ ಮಾತ್ರ ಯಾವತ್ತೂ ಎಳೆಯೋದಿಲ್ಲ. ಆ ಗೆರೆಗೆ ಕೋರ್ಟಿನಲ್ಲಿ ಜಗಳ ನಡೀತಿರ್ತದೆ, ನಮಗೆ ಯಾಕೆ ಬೇಕು.


ಕಡತ (ಹೊನ್ನಾವರ)

ಕಾನೂನಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. 2021ರ ಫೆಬ್ರವರಿ 15ರಂದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಭೂದತ್ತಾಂಶದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಭಾರತೀಯರು ನಕ್ಷೆ ಮಾಡಲು, ದತ್ತಾಂಶ ಸಂಗ್ರಹಿಸಲು ಪೂರ್ವಾನುಮತಿ, ಪರವಾನಗಿ ಬೇಕಿಲ್ಲ. ಅಡ್ಡಳತೆಯಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರಿಗಿಂತ ಸೂಕ್ಷ್ಮವಾದ ದತ್ತಾಂಶಕ್ಕೆ ಬೇರೆ ಷರತ್ತುಗಳಿವೆ, ಅವು ಮುಖ್ಯವಾಗಿ ವಿದೇಶಿ ಕಂಪನಿಗಳಿಗೆ. ನಿಮ್ಮ ಫೋನಿನ ಜಿಪಿಎಸ್ ಬಯಲಿನಲ್ಲೇ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆ, ಚಿಂತೆ ಬೇಡ. 2016ರಲ್ಲಿ ಒಂದು ಕರಡು ಮಸೂದೆ ಬಂದಿತ್ತು, ಅದರಲ್ಲಿ 100 ಕೋಟಿ ರೂಪಾಯಿವರೆಗೆ ದಂಡದ ಮಾತಿತ್ತು. ಅದು ಕಾನೂನಾಗಲೇ ಇಲ್ಲ. ಹಳೇ ವಾಟ್ಸ್ಆ್ಯಪ್ ಸಂದೇಶ ತೋರಿಸಿ ಹೆದರಿಸುವವರಿಗೆ ಇದನ್ನು ಹೇಳಿ.

ಆದರೆ ಕಾರವಾರ ಕಾರವಾರವೇ. ಅರ್ಗಾ ಕಡೆ ಐಎನ್ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿಗೆ ಹೋದರೆ ಕೈಗಾ ಅಣುಸ್ಥಾವರ ಇದೆ. ಅಂಥ ಜಾಗಗಳಿಗೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅನ್ವಯಿಸುತ್ತದೆ. ‘ಫೋಟೋ ತೆಗೆಯಬಾರದು’ ಎಂಬ ಬೋರ್ಡು ಕಂಡರೆ ಫೋನ್ ಜೇಬಿಗೆ ಹಾಕಿ ಮುಂದೆ ನಡೆಯಿರಿ. ಹೆದ್ದಾರಿ 66 ಸಾರ್ವಜನಿಕ ರಸ್ತೆ, ಅದರ ಬದಿಯ ಗೋಡೆಯಾಚೆ ಏನಿದೆ ಎಂಬುದು ನಮ್ಮ ಕೆಲಸವಲ್ಲ.

ನನ್ನ ಸಲಹೆ: ಮಾರ್ಗಸೂಚಿಯ ಪ್ರತಿ ಪ್ರಿಂಟ್ ತೆಗೆದು ಚೀಲದಲ್ಲಿಡಿ, ಕೇಳಿದವರಿಗೆ ತೋರಿಸಿ.


ತೋಟದದಾರಿ (ಶಿರಸಿ)

ಕಡತದವರೇ, ಕ್ಷಮಿಸಿ. ಪೊಲೀಸರು ಕೇಳಿದರೆ ತೋರಿಸಲಿ, ಸರಿ. ಆದರೆ ಕೇರಿಯಲ್ಲಿ ಸಿಂಹದ ಮುದ್ರೆ ಇರೋ ಕಾಗದ ಚೀಲದಿಂದ ಹೊರಗೆ ಬಂತು ಅಂದರೆ, ‘ಇವನು ಸರ್ಕಾರದ ಕಡೆಯವನೇ’ ಅಂತ ಖಾತ್ರಿ ಆಗ್ತದೆ. ಹೆದರಿಕೆ ಇರೋದೇ ಸರ್ಕಾರದ್ದು ಮಾರಾಯರೇ!


ಅಘನಾಶಿನಿ (ಕುಮಟಾ)

ಗಂಡಸರು ಇಬ್ಬರೂ ಒಂದು ವಿಷಯ ಬಿಟ್ಟರು. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯೋದು ಎಲ್ಲ ಮನೆಯಲ್ಲೂ ನಮಗೆ ಆಗೋ ಮಾತಲ್ಲ. ಅಪರಿಚಿತ ಮನೆ, ಒಳಗೆ ಯಾರಿದ್ದಾರೋ.

ನಾನು ನಾಲ್ಕು ವರ್ಷದಿಂದ ಸ್ಕೂಟಿಯಲ್ಲಿ ಮಾಡ್ತಿದ್ದೇನೆ. ಹೆಂಗಸು ಅಂತ ಸಂಶಯ ಕಡಿಮೆ, ನಿಜ. ಬದಲಿಗೆ ಹಿಂದೆ ಬರುವವರು ಜಾಸ್ತಿ. ಹಾಗಾಗಿ ನಿಂತು ಫೋನ್ ಒತ್ತೋದನ್ನೇ ಬಿಟ್ಟಿದ್ದೇನೆ. ಕಿವಿಗೆ ಇಯರ್‌ಫೋನ್ ಹಾಕಿ, ಯಾರ ಜೊತೆಗೋ ಮಾತಾಡಿದ ಹಾಗೆ ರೆಕಾರ್ಡ್ ಮಾಡ್ತಾ ನಡೆಯೋದು: ‘ಹಾಂ ಅಕ್ಕಾ, ಇಲ್ಲಿಗೆ ಕಾಂಕ್ರೀಟು ಮುಗೀತು, ಎಡಕ್ಕೆ ಹಿಟ್ಟಿನ ಗಿರಣಿ, ಮುಂದೆ ಬಾವಿ.’ ಮನೆಗೆ ಬಂದು ಕೂತು ಹಾಕ್ತೇನೆ. ನೋಡಿದವರಿಗೆ ಯಾರೋ ಮನೆ ಹುಡುಕ್ತಿದ್ದಾಳೆ ಅನ್ನಿಸ್ತದೆ. ಅಂಗಡಿಯ ಸಮಯ ಬೇಕಾದರೆ ಒಂದು ಬೆಂಕಿಪೊಟ್ಟಣ ತಗೊಂಡು ಬಾಯಿಬಿಟ್ಟು ಕೇಳ್ತೇನೆ. ನನ್ನ ಅಡುಗೆಮನೆಯಲ್ಲಿ ಈಗ ಮೂವತ್ತು ಬೆಂಕಿಪೊಟ್ಟಣ ಇದೆ.

ಇನ್ನೊಂದು, ನಡೆದ ದಾರಿಯ ಜಿಪಿಎಸ್ ಗೆರೆ ಅಪ್‌ಲೋಡ್ ಮಾಡೋದಾದರೆ ಮೊದಲ ಮತ್ತು ಕೊನೆಯ ತುಂಡು ಕತ್ತರಿಸಿ ಹಾಕಿ. ಇಲ್ಲದಿದ್ದರೆ ದಿನಾ ಗೆರೆ ಹೊರಡೋ ಜಾಗವೇ ನಿಮ್ಮ ಮನೆ ಅಂತ ಯಾರು ಬೇಕಾದರೂ ಓದಬಹುದು.

ಶಾಲೆ ಬಿಡುವ ಹೊತ್ತಿಗೆ ಶಾಲೆಯ ರಸ್ತೆ ಮಾಡಬೇಡಿ, ಮಕ್ಕಳಿಗೆ ಚಾಕಲೇಟ್ ಕೊಡಬೇಡಿ. ತಮಾಷೆಗೆ ಹೇಳ್ತಿಲ್ಲ. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನೋ ವಾಟ್ಸ್ಆ್ಯಪ್ ಸುದ್ದಿ ನಂಬಿ ಒಬ್ಬ ಎಂಜಿನಿಯರನ್ನು ಹೊಡೆದೇ ಕೊಂದರು. ಗೆಳೆಯರ ಜೊತೆ ಕಾರಲ್ಲಿ ಬಂದಿದ್ದರು, ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಜನ ಸೇರ್ತಿದ್ದಾರೆ ಅನ್ನಿಸಿದರೆ ವಾದಕ್ಕೆ ನಿಲ್ಲಬೇಡಿ. ‘ತಪ್ಪಾಯ್ತು, ಹೋಗ್ತೇನೆ’ ಅಂತ ಹೊರಡಿ. ಗಲ್ಲಿ ಮುಂದಿನ ವಾರವೂ ಅಲ್ಲೇ ಇರ್ತದೆ.


ಹಳೆಮನೆ (ಕಾರವಾರ)

ನಾನು ನಕ್ಷೆ ಮಾಡುವವನಲ್ಲ. ಗೇಟಿನಲ್ಲಿ ನಿಂತು ಕೇಳುವ ಕಡೆಯವನು. ಮಗ ಈ ಚರ್ಚೆ ತೋರಿಸಿದ, ಬರೆಯೋಣ ಅನ್ನಿಸಿತು.

ನಮ್ಮದು ಸೀಬರ್ಡಿಗೆ, ಅಂದರೆ ಈ ನೌಕಾನೆಲೆಯ ಯೋಜನೆಗೆ, ಹೋದ ಮನೆ. ಅಡಿಗಲ್ಲು ಹಾಕಿದ್ದು 1986ರಲ್ಲಿ, ನೆಲೆ ಉದ್ಘಾಟನೆ ಆದದ್ದು 2005ರಲ್ಲಿ. ನಡುವಿನ ವರ್ಷಗಳು ನಮ್ಮವು. ಊರಿನ ಹೆಸರು ಇಲ್ಲಿ ಬೇಡ. ಅಳತೆಗೆ ಅಂತ ಮೊದಲು ಬಂದವರು ಇಬ್ಬರು. ನಾನು ಆಗ ಹೈಸ್ಕೂಲು. ಬಹಳ ಮರ್ಯಾದಸ್ಥರು, ಚಪ್ಪಲಿ ಹೊರಗೆ ಬಿಟ್ಟು ಅಂಗಳಕ್ಕೆ ಬಂದರು. ನಮ್ಮ ಆಯಿ ಎಳನೀರು ಕೆತ್ತಿ ಕೊಟ್ಟಳು. ಟೇಪಿನ ಒಂದು ತುದಿ ಹಿಡಿಯಲು ನನ್ನನ್ನೇ ಕರೆದರು, ನಾನು ಖುಷಿಯಿಂದ ಹಿಡಿದು ಓಡಿದೆ. ಬಾವಿಯಿಂದ ಮನೆಗೆ ಎಷ್ಟು, ಮನೆಯಿಂದ ಬೇಲಿಗೆ ಎಷ್ಟು. ತೆಂಗಿನ ಮರ ಎಣಿಸಲೂ ನಾನೇ. ಎರಡು ಮರ ಬಿಟ್ಟು ಎಣಿಸಿದ್ದೆ ಅಂತ ಆಮೇಲೆ ಪರಿಹಾರದ ಪಟ್ಟಿ ಬಂದಾಗ ಗೊತ್ತಾಯ್ತು. ಅಪ್ಪ ಬೈಯಲಿಲ್ಲ.

ಹಾಗಾಗಿ ಯಾರಾದರೂ ಬಗ್ಗಿ ರಸ್ತೆ ನೋಡ್ತಾ ಇದ್ದರೆ ನಾನು ಕೇಳೇ ಕೇಳ್ತೇನೆ. ಸಿಟ್ಟಿನಿಂದಲ್ಲ. ಕೊಂಕಣ ರೈಲು, ಕೈಗಾ, ಚತುಷ್ಪಥ, ಈಗ ಅಂಕೋಲೆ ಕಡೆ ಬಂದರಿನ ಮಾತು. ಈ ಜಿಲ್ಲೆಯಲ್ಲಿ ನಗ್ತಾ ಬಂದು ಅಳೆದವರ ಹಿಂದೆ ಯಾವತ್ತೂ ಒಂದು ನೋಟಿಸು ಬಂದಿದೆ. ನಿಮ್ಮ ಆ ಲುಂಗಿಯವರನ್ನು ಬೈಕೊಳ್ಳಬೇಡಿ ಅಂತ ಹೇಳಲಿಕ್ಕೇ ಬರೆದದ್ದು.

ಒಂದು ಪ್ರಶ್ನೆ ನನ್ನದೂ ಇದೆ. ನಿಮ್ಮ ನಕ್ಷೆಯಲ್ಲಿ ಇಲ್ಲದ ಊರನ್ನು ಹಾಕಲು ಬರ್ತದಾ?


ಅಘನಾಶಿನಿ (ಕುಮಟಾ)

ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ಪ್ರಶ್ನೆಗೆ ಉತ್ತರ: ಓಪನ್‌ಸ್ಟ್ರೀಟ್‌ಮ್ಯಾಪಿನ ನಿಯಮ ಏನಂದರೆ, ಈಗ ನೆಲದ ಮೇಲೆ ಇರುವುದನ್ನು ಮಾತ್ರ ಹಾಕಬೇಕು. ಹೋದದ್ದಕ್ಕೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಅಂತ ಬೇರೆಯೇ ಯೋಜನೆ ಇದೆ. ಅಲ್ಲಿ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಇತ್ತು ಅಂತ ಹಾಕಬಹುದು. ಆದರೆ ಅದು ನೌಕಾನೆಲೆಯ ಒಳಗಿನ ಜಾಗ. ಹಳೇ ಊರೇ ಆದರೂ ಅಲ್ಲಿ ಗೆರೆ ಎಳೀಬೇಕಾ ಬೇಡವಾ ಅಂತ ಕಡತದವರು ಹೇಳಲಿ.

ಆದರೆ ಕೇಳ್ತೇನೆ, ನೀವು ಈಗಿರುವ ಕಾಲೊನಿಯಲ್ಲಿ ಹಳೇ ಊರಿನ ಹೆಸರು ಯಾರೂ ಹೇಳೋದಿಲ್ವಾ?


ಹಳೆಮನೆ (ಕಾರವಾರ)

ಹೇಳ್ತಾರೆ. ನಮ್ಮ ಸಾಲಿಗೆ ಹಳೇ ಊರಿನ ಹೆಸರೇ. ಕಾಗದದಲ್ಲಿ ಪ್ಲಾಟ್ ನಂಬರು.


ಕಡತ (ಹೊನ್ನಾವರ)

ನೆಲೆಯ ಗೋಡೆಯೊಳಗೆ ಹಳೆಯದಾಗಲಿ ಹೊಸದಾಗಲಿ ಏನೂ ಎಳೆಯಬೇಡಿ. ಕಾಲೊನಿಯ ಸಾಲಿಗೆ ಆ ಹೆಸರು ಹಾಕಲು ಅಡ್ಡಿಯಿಲ್ಲ. ಜನ ಕರೆಯುವ ಹೆಸರು ನೆಲದ ಮೇಲೆ ಇರುವುದೇ. ಪ್ರಿಂಟ್ ತೋರಿಸಿ ಅಂದ ನನ್ನ ಮಾತನ್ನು ಪೊಲೀಸರಿಗೆ ಮಾತ್ರ ಎಂದು ಓದಿಕೊಳ್ಳಿ.


ಕಾಳಿತಟ (ಕಾರವಾರ)

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೀತಿದ್ದೇನೆ.

ಮನೆಯ ಪ್ರಶ್ನೆಗಳನ್ನೆಲ್ಲ ಬಂದ್ ಮಾಡಿದೆ. ಐಡಿ ಕಾರ್ಡಿನ ಯೋಚನೆ ಬಿಟ್ಟೆ. ನಿನ್ನೆ ಭಾನುವಾರ ಅದೇ ಗಲ್ಲಿಗೆ ಹೋದೆ, ಸಣ್ಣಮ್ಮನನ್ನು ಕರ್ಕೊಂಡು. ಸೀದಾ ಅದೇ ಗೇಟಿಗೆ ಹೋಗಿ ನಾನೇ ಕರೆದೆ. ‘ಮೊನ್ನೆ ಸರಿಯಾಗಿ ಹೇಳಲಿಕ್ಕೆ ಬರಲಿಲ್ಲ. ನಾನು ಮೆಡಿಕಲ್ ಶಾಪಿನವಳು. ಔಷಧ ತರೋ ಹುಡುಗನಿಗೆ ದಾರಿ ತಪ್ಪತದೆ, ಅದಕ್ಕೆ ಗಲ್ಲಿಗಳ ಹೆಸರು ಬರ್ಕೊಳ್ತಿದ್ದೇನೆ. ಯಾರ ಮನೆಯದ್ದೂ ಅಲ್ಲ, ಯಾರ ಹೆಸರೂ ಅಲ್ಲ.’ ಇದರಲ್ಲಿ ಸುಳ್ಳು ಒಂದಕ್ಷರ ಇಲ್ಲ, ಆದರೂ ಮೊನ್ನೆ ಯಾಕೆ ಹೊಳೀಲಿಲ್ಲವೋ.

ಅವರಿಗೆ ಪೂರ್ತಿ ನಂಬಿಕೆ ಬಂದಿಲ್ಲ. ‘ಇದರಿಂದ ನಿಮಗೆ ಎಷ್ಟು ದುಡ್ಡು ಬರ್ತದೆ?’ ಅಂದರು. ಏನೂ ಇಲ್ಲ ಅಂದದ್ದಕ್ಕೆ ಇನ್ನೂ ಸಂಶಯದಿಂದ ನೋಡಿದರು. ಪಕ್ಕದ ಮನೆಯ ಬಾಯಿ ಮಾತ್ರ ಗಲ್ಲಿಯ ತುದಿವರೆಗೆ ಜೊತೆಗೆ ಬಂದು ನಾಲ್ಕು ಹೆಸರು ಹೇಳಿದರು. ಎರಡರ ಬಗ್ಗೆ ಸಣ್ಣಮ್ಮನಿಗೂ ಅವರಿಗೂ ಅಲ್ಲೇ ಜಗಳ ಆಯ್ತು. ನಾನು ಸುಮ್ಮನೆ ನಿಂತೆ. ವಾಪಸ್ ಬರುವಾಗ ಲುಂಗಿಯವರು ಗೇಟಿನಿಂದಲೇ ಕೇಳಿದರು.

‘ಹಲಸಿನ ಮರ ಹಾಕಿದ್ರಾ?’

‘ಮರ ಇಲ್ವಲ್ಲ?’

‘ಅದಿಲ್ಲದೆ ನಿಮ್ಮ ಹುಡುಗನಿಗೆ ಹೇಗೆ ಗೊತ್ತಾಗ್ತದೆ?’

ಮರವನ್ನು ಹಾಕಲಿಲ್ಲ. ಆ ತಿರುವನ್ನು ಸ್ಥಳದ ಹೆಸರು ಅಂತ ಹಾಕಿದ್ದೇನೆ. ರಿಕ್ಷಾದವರು ‘ಹಲಸಿನಮರ’ ಅಂತಾರೆ, ಹಳಬರೆಲ್ಲ ಕೊಂಕಣಿಯಲ್ಲಿ ‘ಪಣಸಾಕಡೆ’ (ಹಲಸಿನ ಹತ್ರ) ಅಂತಾರೆ. ಮುಖ್ಯ ಹೆಸರಿನ ಜಾಗದಲ್ಲಿ ಯಾವುದು ಬರಬೇಕು, ಪರ್ಯಾಯ ಹೆಸರಿನಲ್ಲಿ ಯಾವುದು? ಸದ್ಯಕ್ಕೆ ಹಲಸಿನಮರ ಮೇಲೆ ಇಟ್ಟಿದ್ದೇನೆ, ಸಣ್ಣಮ್ಮ ಮಾತು ಬಿಟ್ಟಿದ್ದಾಳೆ.

ಹಳೆಮನೆಯವರೇ, ನಿಮ್ಮ ಸಾಲಿಗೆ ಬರಲಾ? ಬೇಡ ಅಂದರೆ ಬರೋದಿಲ್ಲ.


ಹಳೆಮನೆ (ಕಾರವಾರ)

ಬನ್ನಿ. ಸಂಜೆ ನಾಲ್ಕರ ಮೇಲೆ. ಟೇಪು ತರಬೇಡಿ.